ಒಂದಡಿ ಎಂಟರ ಕೊಳಲು ಬೆಳೆದ ಪ್ರಸಂಗ

ನಮ್ಮ ಮುದ್ದುಕೃಷ್ಣನಿಗೆ ಕೆಟ್ಟ ಚಟಗಳೇನೂ ಇಲ್ಲ. ಎದುರಿನವರು ಮಾತು ಮುಗಿಸುವ ಮೊದಲೇ ತಲೆಯಾಡಿಸಿ "ಗೊತ್ತು ಗೊತ್ತು" ಎನ್ನುವುದೊಂದನ್ನು ಬಿಟ್ಟರೆ ಅವನು ಅಪ್ಪಟ ಸಜ್ಜನ. ಅದೂ ಅಹಂಕಾರದಿಂದ ಬಂದದ್ದಲ್ಲ. ಪಾಪ, ಅವರು ಇನ್ನಷ್ಟು ಮಾತಾಡಿ ದಣಿಯುವುದೇಕೆ ಎಂಬ ಕರುಣೆಯಿಂದ ಬಂದದ್ದು. ಈ ಕರುಣೆಯ ದೆಸೆಯಿಂದ ಅವನು ಅಲ್ ವಕ್ರಾದ ಮನೆಗೆ ಹೋಗಬೇಕಾದವನು ಮೆಟ್ರೋದ ಇನ್ನೊಂದು ತುದಿಯ ಲುಸೈಲ್ ತಲುಪಿದ್ದಾನೆ. ಹಲ್ಲಿನ ಡಾಕ್ಟರು ಪ್ರಶ್ನೆ ಮುಗಿಸುವಷ್ಟರಲ್ಲಿ ಹೂಂಗುಟ್ಟಿ ಗಟ್ಟಿಮುಟ್ಟಾದ ದವಡೆ ಹಲ್ಲೊಂದನ್ನು ಕೀಳಿಸಿಕೊಂಡು ಬಂದಿದ್ದಾನೆ. ಆದರೂ ಚಟ ಬಿಟ್ಟಿಲ್ಲ. ಮೈಸೂರಿನ ಸಜ್ಜನರು ಒಮ್ಮೆ ಹಿಡಿದದ್ದನ್ನು ಸುಲಭವಾಗಿ ಬಿಡುವವರಲ್ಲ.

ದೋಹಾದ ಒಂದು ಕಂಪನಿಯ ಪರ್ಚೇಸ್ ವಿಭಾಗದಲ್ಲಿ ಅವನಿಗೆ ಕೆಲಸ. ಹೆಂಡತಿ ವತ್ಸಲಾ ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ವಕ್ರಾದ ಕನ್ನಡತಿಯರಲ್ಲಿ ಅರ್ಧದಷ್ಟು ಮಂದಿ ಮೈಮೇಲೆ ಹಾಕಿಕೊಂಡಿರುವುದು ಅವಳ ಕೈಕೆಲಸವನ್ನೇ. ಅವಳ ಟೇಪು ಈವರೆಗೆ ತಪ್ಪಿಲ್ಲ. ಎದುರು ಮನೆಯ ವಾರಿಜಕ್ಕ ಒಮ್ಮೆ ಬ್ಲೌಸು ವಾಪಸು ತಂದಿದ್ದರು ನಿಜ. ಅಳತೆ ಕೊಟ್ಟ ದಿನಕ್ಕೂ ಹಾಕಿಕೊಂಡ ದಿನಕ್ಕೂ ನಡುವೆ ಊರಿನಲ್ಲಿ ಮೂರು ಮದುವೆ ಉಂಡು ಬಂದಿದ್ದು ವಾರಿಜಕ್ಕನೇ ಹೊರತು ಟೇಪಲ್ಲ.

ಇವರ ಮೇಲಿನ ಫ್ಲ್ಯಾಟಿನಲ್ಲಿ ಮೊರಿತಾ ಎಂಬ ಜಪಾನಿ ಇಂಜಿನಿಯರು ಒಬ್ಬರೇ ಇದ್ದರು. ಅವರಿಗೆ ಈ ದಂಪತಿ ತೀರಿಸಲಾಗದ ಒಂದು ಋಣದಲ್ಲಿದ್ದರು. ಹಿಂದಿನ ವರ್ಷ ಒಂದು ಮಧ್ಯಾಹ್ನ ವತ್ಸಲಾಗೆ ಹೊಟ್ಟೆಯೊಳಗೆ ಕತ್ತರಿ ಆಡಿಸಿದಂಥ ನೋವು ಬಂತು. ಮುದ್ದುಕೃಷ್ಣ ಆಫೀಸಿನ ಕೆಲಸದ ಮೇಲೆ ದೂರದ ಅಲ್ ಶಮಾಲಿಗೆ ಹೋಗಿದ್ದ. ಅವನ ಫೋನು ಸತ್ತಿತ್ತು. ಒಲೆಯ ಮೇಲಿದ್ದ ಸಾರು ಸೀದು ಹೊಗೆ ಮೆಟ್ಟಿಲಿಗೆ ಬಂದಾಗ ಇಳಿದು ಬಂದು ಬಾಗಿಲು ತಟ್ಟಿದವರು ಮೊರಿತಾ. ಒಲೆ ಆರಿಸಿ, ವತ್ಸಲಾಳನ್ನು ಕಾರಿನಲ್ಲಿ ಕೂರಿಸಿ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿನ ಡಾಕ್ಟರು ಪಿತ್ತಕೋಶದ ಕಲ್ಲು ಎಂದರು, ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದರು. ಸಂಜೆ ಮುದ್ದುಕೃಷ್ಣ ಏದುಸಿರು ಬಿಡುತ್ತ ಬಂದಾಗ, ಮೊರಿತಾ ಕಾಯುವ ಕೋಣೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ತೊಡೆಯ ಮೇಲೆ ಕರ್ಚೀಫು ಹಾಸಿತ್ತು. ಅದರ ಮೇಲೆ ವತ್ಸಲಾಳ ಎರಡು ಚಪ್ಪಲಿ ಇದ್ದವು. ಮೊರಿತಾ ಎದ್ದು ನಿಂತು, ಬಾಗಿ, ಎರಡೂ ಕೈಯಿಂದ ಅವನ್ನು ಮುದ್ದುಕೃಷ್ಣನಿಗೆ ಕೊಟ್ಟರು. ಹೆಂಡತಿಯ ಚಪ್ಪಲಿ ಇಷ್ಟು ಗೌರವದಿಂದ ಕೈಗೆ ಬರಬಹುದೆಂದು ಅವನು ಅಂದುಕೊಂಡಿರಲಿಲ್ಲ.

ಅಂದಿನಿಂದ ಗಂಡ ಹೆಂಡತಿ ಇಬ್ಬರೂ ಮೊರಿತಾರಿಗೆ ಏನಾದರೂ ಮಾಡಲು ಹವಣಿಸುತ್ತಲೇ ಇದ್ದರು. ಬಿಸಿಬೇಳೆಬಾತ್ ಕಳಿಸಿದರೆ ಅವರು ಡಬ್ಬಿ ತೊಳೆದು, ಒರೆಸಿ, ಒಳಗೆ ಬಿಸ್ಕತ್ತು ತುಂಬಿ ವಾಪಸು ಕಳಿಸುತ್ತಿದ್ದರು. ಋಣ ತೀರುವುದಿರಲಿ, ಬೆಳೆಯುತ್ತಿತ್ತು.

ಹೀಗಿರುವಾಗ ಜನವರಿಯಲ್ಲಿ ಮೊರಿತಾ ಉದ್ದನೆಯ ಪೆಟ್ಟಿಗೆಯೊಂದನ್ನು ಹಿಡಿದು ಇಳಿದು ಬಂದರು. ಒಳಗೆ ಒಂದು ಬಿದಿರಿನ ಕೊಳಲು. ಬುಡದಲ್ಲಿ ಬೇರಿನ ಗಂಟುಗಳು ಹಾಗೇ ಇದ್ದವು. ಊದುವ ತುದಿಯನ್ನು ಓರೆಯಾಗಿ ಕೆತ್ತಲಾಗಿತ್ತು. ತೀರಿಹೋದ ಅವರ ಗುರುಗಳು ಕೊನೆಯದಾಗಿ ಮಾಡಿದ ಕೊಳಲಂತೆ. ಮೊರಿತಾ ತಾಯಿಗೆ ಹುಷಾರಿಲ್ಲವೆಂದು ಊರಿಗೆ ಹೊರಟಿದ್ದರು. ವಿಮಾನದ ಗಾಳಿಯೂ ತಮ್ಮೂರಿನ ಚಳಿಗಾಲವೂ ಒಣಕಲು, ಅಲ್ಲಿಗೆ ಒಯ್ದರೆ ಬಿದಿರು ಸೀಳಿಬಿಡಬಹುದು, ವಕ್ರಾದ ಸಮುದ್ರದ ಗಾಳಿಯೇ ವಾಸಿ ಎಂದರು. ಪ್ಲಾಸ್ಟಿಕ್ ಕವರಿನಲ್ಲಿಡಿ, ಜೊತೆಗೆ ಒಂದು ಒದ್ದೆ ಬಟ್ಟೆ ಇಡಿ, ವಾರಕ್ಕೊಮ್ಮೆ ಬದಲಿಸಿ, ಅಷ್ಟೇ ಸಾಕು ಎಂದರು. ಮೊರಿತಾರ ಇಂಗ್ಲಿಷು ಮುದ್ದುಕೃಷ್ಣನಿಗೆ ತುಂಬ ಹಿಡಿಸಿತ್ತು, ಏಕೆಂದರೆ ಅದರಲ್ಲಿ ಪದಗಳು ಕಡಿಮೆ.

"ಇದು ಶಕುಹಾಚಿ," ಎಂದರು ಮೊರಿತಾ. "ಹೆಸರೇ ಅಳತೆ. ಶಕು ಎಂದರೆ ನಮ್ಮ ಅಡಿ. ಹಾಚಿ ಎಂದರೆ ಎಂಟು. ಒಂದಡಿ ಎಂಟು. ಉದ್ದ ಬೇರೆಯಾದರೆ ಹೆಸರೂ ಬೇರೆ, ಶ್ರುತಿಯೂ ಬೇರೆ. ಒಂದಡಿ ಆರು ಎಂಬುದಿದೆ, ಅದರ ದನಿ ಎತ್ತರ. ಎರಡಡಿ ನಾಲ್ಕು ಎಂಬುದಿದೆ, ಅದರ ದನಿ ಬಹಳ ಕೆಳಗೆ. ಇದು ಒಂದಡಿ ಎಂಟು. ಆದರೆ ನಮ್ಮ ಅಡಿಯಲ್ಲಿ..."

"ಗೊತ್ತು ಸಾರ್, ಗೊತ್ತು," ಎಂದ ಮುದ್ದುಕೃಷ್ಣ. "ನಮ್ಮಲ್ಲೂ ಅಡಿ ಲೆಕ್ಕವೇ."

ಮೊರಿತಾ ಬಾಯಿ ಮುಚ್ಚಿದರು. ಗೊತ್ತಿದ್ದವರಿಗೆ ಮತ್ತೆ ಹೇಳುವುದು ಅವರ ನಾಡಿನಲ್ಲಿ ಅವಮರ್ಯಾದೆ. ಬಾಗಿ ವಂದಿಸಿ ವಿಮಾನ ಹತ್ತಿದರು.

ಆ ದಿನದಿಂದ ಮುದ್ದುಕೃಷ್ಣ ಮನುಷ್ಯನೇ ಬದಲಾಗಿಹೋದ. ಇಷ್ಟು ದಿನಕ್ಕೆ ಮೊರಿತಾರಿಗೆ ಸಲ್ಲಿಸಬಹುದಾದ ಒಂದು ಸೇವೆ ಸಿಕ್ಕಿತ್ತು. ವಾರಕ್ಕೊಮ್ಮೆ ಎಂದರೆ ಕೃತಜ್ಞತೆಗೆ ಸಾಲದೆನಿಸಿ, ತುಳಸಿಗೆ ನೀರೆರೆಯುವವರ ಹಾಗೆ ಬೆಳಿಗ್ಗೆ ಸ್ನಾನವಾದ ಮೇಲೊಮ್ಮೆ, ಸಂಜೆ ದೀಪ ಹಚ್ಚುವಾಗ ಒಮ್ಮೆ ಬಟ್ಟೆ ಒದ್ದೆ ಮಾಡಿ ಇಟ್ಟ. ಶುಕ್ರವಾರ ಕಡಲತೀರದಲ್ಲಿ ಕನ್ನಡಿಗರೆಲ್ಲ ಬುತ್ತಿ ಬಿಚ್ಚಿ ಕೂತಾಗ ಜಪಾನಿ ಕೊಳಲುಗಳ ಕುರಿತು ದೀರ್ಘವಾಗಿ ಮಾತಾಡಿದ. ಅವರ ಪದ್ಧತಿ ಎಷ್ಟು ಸರಳ ನೋಡಿ, ವಸ್ತುವಿನ ಉದ್ದವನ್ನೇ ಹೆಸರಾಗಿ ಇಟ್ಟರೆ ಮೋಸಕ್ಕೆ ಜಾಗವೆಲ್ಲಿ ಎಂದ. ಹಾಗಾದರೆ ನಾನು ಐದಡಿ ಒಂದು, ನಮ್ಮ ಯಜಮಾನರು ಐದಡಿ, ಮನೆಯಲ್ಲಿ ಶ್ರುತಿ ಸೇರದಿರುವುದು ಇದಕ್ಕೇ ಎಂದು ವಾರಿಜಕ್ಕ ಅಲ್ಲೇ ತೀರ್ಮಾನಿಸಿದರು.

ವತ್ಸಲಾಗೂ ಒಂದು ಆಸೆ ಹುಟ್ಟಿತು. ಮೈಸೂರು ಸಿಲ್ಕ್ ಸೀರೆಯ ಜೊತೆ ಬಂದಿದ್ದ ಹಸಿರು ಬ್ಲೌಸ್ ಪೀಸನ್ನು ಅವಳು ಯಾರಿಗೂ ಕೊಡದೆ, ತಾನೂ ಹೊಲಿದುಕೊಳ್ಳದೆ ಇಟ್ಟುಕೊಂಡಿದ್ದಳು. ಅದನ್ನು ಕೊಳಲಿಗೊಂದು ಚೀಲವಾಗಿ ಹೊಲಿದು ಕೊಡೋಣ ಎಂದುಕೊಂಡಳು. ಒಳಗೆ ಮೆತ್ತನೆಯ ಲೈನಿಂಗು, ಬಾಯಿಗೆ ಜರಿಯಂಚು, ಎಳೆದು ಕಟ್ಟಲು ದಾರ. ಕೊಳಲು ತೆಗೀರಿ, ಅಳೀಬೇಕು ಎಂದಳು. ಮುದ್ದುಕೃಷ್ಣ ನಕ್ಕ. ಸುಮ್ಮಸುಮ್ಮನೆ ಹೊರಗೆ ತೆಗೆದು ಗಾಳಿಗೆ ಒಡ್ಡುವುದೇಕೆ, ಹೆಸರೇ ಅಳತೆಯಲ್ಲವೇ, ಒಂದಡಿ ಎಂಟು ಎಂದರೆ ಹನ್ನೆರಡೂ ಎಂಟೂ ಇಪ್ಪತ್ತು ಇಂಚು ಎಂದ. ಅವಳು ಇಪ್ಪತ್ತಕ್ಕೆ ಅರ್ಧ ಇಂಚು ಸಡಿಲ ಬಿಟ್ಟು ಹೊಲಿದಳು.

ಚೀಲ ಸೊಗಸಾಗಿ ಬಂತು. ಅದರೊಳಗೆ ಕೊಳಲು ಇಳಿಸಿದಾಗ ಒಂದು ಇಂಚು ಮೇಲೇ ಉಳಿಯಿತು.

ವತ್ಸಲಾ ಟೇಪು ಹಿಡಿದು ಅಳೆದಳು. ಇಪ್ಪತ್ತೊಂದೂವರೆ ಇಂಚು. ಬುಡ ಮೇಲು ಮಾಡಿ ಅಳೆದಳು. ಆಗಲೂ ಅಷ್ಟೇ.

"ನನ್ನ ಟೇಪು ಸುಳ್ಳು ಹೇಳಲ್ಲ ರೀ," ಎಂದಳು ವತ್ಸಲಾ.

ಜಪಾನಿನವರೂ ಸುಳ್ಳು ಹೇಳುವವರಲ್ಲ ಎಂದು ಮುದ್ದುಕೃಷ್ಣ ಯೋಚಿಸಿದ. ಅವನಿಗೆ ಮೈಸೂರಿನ ಹೊರವಲಯದಲ್ಲಿ ಒಂದು ಮೂವತ್ತು-ನಲವತ್ತರ ಸೈಟಿದೆ. ಅಳೆದರೆ ಇಪ್ಪತ್ತೊಂಬತ್ತು-ಮೂವತ್ತೊಂಬತ್ತು. ಹೇಳಿದ್ದಕ್ಕಿಂತ ಕಡಿಮೆ ಇರುವುದು ಲೋಕಧರ್ಮವೆಂದು ಅವನು ಎಂದೋ ಒಪ್ಪಿಕೊಂಡಿದ್ದ. ಹೇಳಿದ್ದಕ್ಕಿಂತ ಹೆಚ್ಚು ಇರುವ ವಸ್ತು ಅವನ ಜೀವಮಾನದಲ್ಲಿ ಇದೇ ಮೊದಲು. ಟೇಪು ಸರಿ, ಮೊರಿತಾ ಸರಿ. ಉಳಿದದ್ದು ಒಂದೇ ಕಾರಣ. ಬಿದಿರು. ಎರಡು ಹೊತ್ತು ನೀರು.

"ವತ್ಸಲಾ, ಇದು ಬೆಳೆದುಬಿಟ್ಟಿದೆ."

ವಾರಿಜಕ್ಕನನ್ನು ಕರೆಸಲಾಯಿತು. ಉಡುಪಿ ಕಡೆಯ ವಾರಿಜಕ್ಕನಿಗೆ ಬಿದಿರಿನ ವಿಷಯ ಬೆರಳ ತುದಿಯಲ್ಲಿತ್ತು, ಏಕೆಂದರೆ ಎಳೆ ಬಿದಿರಿನ ಕಣಿಲೆ ಪಲ್ಯ ಮಾಡುತ್ತಿದ್ದರು. ಕೊಳಲನ್ನು ತಿರುಗಿಸಿ ಮೂಸಿ ನೋಡಿದರು.

"ಇದರಲ್ಲಿ ಎಂತ ಆಶ್ಚರ್ಯ ಉಂಟು ಮಾರಾಯ್ರೇ? ನಮ್ಮ ಟಿವಿ ಸ್ಟ್ಯಾಂಡಿನಲ್ಲಿ ಗಾಜಿನ ಲೋಟದಲ್ಲಿ ಬಿದಿರು ಇಟ್ಟಿದ್ದೇನಲ್ಲ, ಅದೂ ಕತ್ತರಿಸಿದ್ದೇ. ನೀರು ಹಾಕಿದ್ದಕ್ಕೆ ಈಗ ಸೀಲಿಂಗಿಗೆ ಹೋಗ್ತಾ ಉಂಟು. ಇದಕ್ಕೆ ಬೇರು ಬೇರೆ ಉಂಟು ನೋಡಿ."

ಬೇರು ಇದ್ದದ್ದಂತೂ ನಿಜ. ಮುದ್ದುಕೃಷ್ಣನಿಗೆ ಆ ಗಂಟುಗಳಲ್ಲಿ ಒಂದು ಚಿಗುರುತ್ತಿರುವಂತೆಯೂ ಕಂಡಿತು. ಕೊಳಲಿಗೆ ಉದ್ದವೇ ಹೆಸರು, ಉದ್ದವೇ ಶ್ರುತಿ. ಈಗ ಇದು ಒಂದಡಿ ಎಂಟಲ್ಲ, ಒಂದಡಿ ಒಂಬತ್ತೂವರೆ. ಗುರುಗಳ ಕೊನೆಯ ಕೊಳಲನ್ನು ಒಪ್ಪಿಸಿಹೋದ ಮನುಷ್ಯನಿಗೆ ವಾಪಸು ಕೊಡಲು ಅವನ ಬಳಿ ಬೇರೆ ಯಾವುದೋ ಕೊಳಲಿತ್ತು.

ವತ್ಸಲಾಳ ತಮ್ಮ ಸಂಜಯ್ ಮೈಸೂರಿನಲ್ಲಿ ತೋಟಗಾರಿಕೆ ಇಲಾಖೆಯ ಅಧಿಕಾರಿ. ಅವನಿಗೆ ಫೋನು ಹೋಯಿತು. ಕೊಳಲು ಬೆಳೆಯಿತೆಂದು ಭಾಮೈದನ ಮುಂದೆ ಹೇಳಲು ಮುದ್ದುಕೃಷ್ಣನಿಗೆ ನಾಲಿಗೆ ಏಳಲಿಲ್ಲ. ಮನೆಯಲ್ಲೊಂದು ಬಿದಿರಿದೆ, ಒಂದೂವರೆ ಇಂಚು ಬೆಳೆದಿದೆ ಎಂದಷ್ಟೇ ಹೇಳಿದ. ಸಂಜಯ್‌ಗೆ ಇಲಾಖೆಗೆ ಸೇರಿದಂದಿನಿಂದ ಇಷ್ಟು ಸಂತೋಷವಾಗಿರಲಿಲ್ಲ. ಒಂದೂವರೆ ಇಂಚು ಏನೇನೂ ಅಲ್ಲ ಭಾವ, ಕೆಲವು ಜಾತಿ ದಿನಕ್ಕೆ ಮೊಳದುದ್ದ ಏಳುತ್ತವೆ ಎಂದ. ಎಲ್ಲಿಟ್ಟಿದ್ದೀರಿ ಎಂದು ಕೇಳಿದ. ಬೀರುವಿನಲ್ಲಿ ಎಂದ ಮುದ್ದುಕೃಷ್ಣ. ಮರಳುಗಾಡಿನಲ್ಲಿ, ಬೀರುವಿನೊಳಗೆ, ಬಿಸಿಲಿಲ್ಲದೆ ಬೆಳೆಯುವ ಬಿದಿರಿನ ಫೋಟೋ ಕಳಿಸಲೇಬೇಕು, ದಸರಾ ಫಲಪುಷ್ಪ ಪ್ರದರ್ಶನಕ್ಕೆ ಇಡೋಣ ಎಂದು ಸಂಜಯ್ ಹಟ ಹಿಡಿದ. ಬೆಳವಣಿಗೆ ನಿಲ್ಲಿಸುವುದು ಹೇಗೆ ಎಂದು ಕೇಳಿದ್ದಕ್ಕೆ, ನೀರು ನಿಲ್ಲಿಸಿ ಒಣಗಿಸಿ, ಬಗ್ಗದಿದ್ದರೆ ಕತ್ತರಿಸಿ ಎಂದು ಇಲಾಖೆಯ ಸಲಹೆ ಕೊಟ್ಟ.

ಸುದ್ದಿ ಕಟ್ಟಡದ ಮೇಲ್ವಿಚಾರಕ ಯಾಕೂಬ್‌ನವರೆಗೂ ಹೋಯಿತು. ಅವರು ಬಂದು ಬಾಗಿಲಲ್ಲೇ ನಿಂತು, ಫ್ಲ್ಯಾಟಿನಲ್ಲಿ ಬೆಕ್ಕಿಗೆ ಪರ್ಮಿಷನ್ ಉಂಟು, ಮರಕ್ಕೆ ಮಾಫಿ, ಅಂದರೆ ಇಲ್ಲ, ಎಂದು ಹೇಳಿಹೋದರು.

ಒಣಗಿಸುವುದಕ್ಕೆ ವಾರಿಜಕ್ಕ ದಾರಿ ತೋರಿಸಿದರು. ನೀರಿಗೆ ಬಿದ್ದ ಮೊಬೈಲನ್ನು ಅಕ್ಕಿಯಲ್ಲಿ ಹೂಳುವುದಿಲ್ಲವೇ, ಹಾಗೆ. ಜಪಾನಿನ ಗುರುಗಳ ಕೊನೆಯ ಕೊಳಲು ಸೋನಾ ಮಸೂರಿಯ ಡ್ರಮ್ಮಿನೊಳಗೆ ಇಳಿಯಿತು. ವತ್ಸಲಾ ದಿನಾ ಅನ್ನಕ್ಕೆ ಅಕ್ಕಿ ತೆಗೆಯುವಾಗ ಅದನ್ನೂ ತೆಗೆದು ಅಳೆದು ಮತ್ತೆ ಹೂಳುತ್ತಿದ್ದಳು. ಕೊಳಲು ಒಂದು ನೂಲಿನಷ್ಟೂ ಕುಗ್ಗಲಿಲ್ಲ. ಇತ್ತ ಮೊರಿತಾರ ಮೆಸೇಜು ಬಂತು. ತಾಯಿ ಚೇತರಿಸಿಕೊಂಡಿದ್ದಾರೆ, ಶುಕ್ರವಾರ ಬೆಳಿಗ್ಗೆ ದೋಹಾಕ್ಕೆ ಬರುತ್ತೇನೆ, ಸಂಜೆ ಕೊಳಲಿಗೆ ಬರಲೇ ಎಂದು ಕೇಳಿದ್ದರು. ಮುದ್ದುಕೃಷ್ಣ ಒಂದು ಹೆಬ್ಬೆರಳಿನ ಚಿತ್ರ ಕಳಿಸಿ, ತಲೆಯ ಮೇಲೆ ಕೈ ಹೊತ್ತು ಕೂತ.

ಉಳಿದದ್ದು ಇಲಾಖೆಯ ಎರಡನೆಯ ಸಲಹೆ. ಶುಕ್ರವಾರ ಮಧ್ಯಾಹ್ನ ಹ್ಯೂಬರ್ಟ್ ಬಂದರು. ಮಂಗಳೂರಿನ ಹ್ಯೂಬರ್ಟ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸ್ವಂತ ಮರಗೆಲಸದ ಅಂಗಡಿ ಇಟ್ಟವರು. ದೊಡ್ಡ ದೊಡ್ಡ ವಿಲ್ಲಾಗಳ ಅಡಿಗೆಮನೆ ಕಪಾಟುಗಳೆಲ್ಲ ಅವರವೇ. ಸಣ್ಣ ಹಲ್ಲಿನ ಗರಗಸ, ಮರಳುಕಾಗದ, ಪಾಲಿಶ್ ಎಲ್ಲ ತಂದಿದ್ದರು. ಹುಟ್ಟಿಸಿದ ದೇವರಿಗೂ ಗೊತ್ತಾಗದ ಹಾಗೆ ಫಿನಿಶಿಂಗ್ ಮಾಡುತ್ತೇನೆ, ಐದು ನಿಮಿಷ, ಖಲಾಸ್ ಎಂದರು. ಊಟದ ಮೇಜಿನ ಮೇಲೆ ಎರಡು ದಿಂಬಿಟ್ಟು ಅದರ ಮೇಲೆ ಕೊಳಲನ್ನು ಮಲಗಿಸಿದರು.

ಆಗ ಪ್ರಶ್ನೆ ಎದ್ದಿತು. ಬೆಳೆದದ್ದು ಯಾವ ಕಡೆ?

ತುದಿಯ ಕಡೆ ಎಂದರು ವಾರಿಜಕ್ಕ, ತೆಂಗಿನಮರ ಬೆಳೆಯುವುದೇ ತುದಿಯಲ್ಲಿ. ಬುಡದ ಕಡೆ ಎಂದರು ಹ್ಯೂಬರ್ಟ್, ಕೂದಲು ಬೆಳೆಯುವುದು ಬುಡದಿಂದ. ಕೂದಲಿನ ವಿಷಯ ನೀವು ಮಾತಾಡುವುದು ಬೇಡ ಎಂದು ವಾರಿಜಕ್ಕ ಅವರ ಬೋಳುತಲೆಯನ್ನು ನೋಡಿ ಹೇಳಿದರು. ವಾದ ಬಿಸಿಯಾಯಿತು. ಕೊನೆಗೆ ಮುದ್ದುಕೃಷ್ಣನೇ ನ್ಯಾಯ ಹೇಳಿದ. ಯಾರ ಮನಸ್ಸೂ ನೋಯುವುದು ಬೇಡ, ಎರಡೂ ಕಡೆ ಮುಕ್ಕಾಲು ಮುಕ್ಕಾಲು ಇಂಚು ತೆಗೆಯೋಣ. ಹ್ಯೂಬರ್ಟ್ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ಗರಗಸ ಕೈಗೆತ್ತಿಕೊಂಡರು.

ಅಷ್ಟು ಹೊತ್ತು ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತಿದ್ದ ವತ್ಸಲಾ ಎದ್ದು ಬಂದು ಕೊಳಲಿನ ಮೇಲೆ ಅಂಗೈ ಇಟ್ಟಳು.

"ಬೇಡ ಹ್ಯೂಬರ್ಟಣ್ಣ. ನಾನು ಅಲ್ಲಿ ಒಳಗೆ ಮಲಗಿದ್ದಾಗ ಆ ಮನುಷ್ಯ ನನ್ನ ಚಪ್ಪಲೀನ ತೊಡೆ ಮೇಲೆ ಇಟ್ಕೊಂಡು ಕೂತಿದ್ರು. ಅವರ ಕೊಳಲಿಗೆ ಅವರನ್ನ ಒಂದು ಮಾತು ಕೇಳದೆ ಗರಗಸ ಹಾಕೋದಾ? ಬೆಳೆದಿದ್ರೆ ಬೆಳೆದಿದೆ ಅಂತಾನೇ ಹೇಳೋಣ. ಬೈದ್ರೆ ಬೈಸ್ಕೊಳೋಣ."

ಹೇಳಿದವಳೇ ಯಾರ ಉತ್ತರಕ್ಕೂ ಕಾಯದೆ ಮೆಟ್ಟಿಲು ಹತ್ತಿ ಹೋದಳು. ಮೊರಿತಾರನ್ನು ಕರೆದುಕೊಂಡೇ ಇಳಿದಳು.

ಮೊರಿತಾ ಬಾಗಿಲಲ್ಲಿ ಬೂಟು ಬಿಚ್ಚಿ ಒಳಗೆ ಬಂದು, ದಿಂಬಿನ ಮೇಲೆ ಮಲಗಿದ್ದ ಕೊಳಲನ್ನೂ ಸುತ್ತ ನಿಂತವರನ್ನೂ ನೋಡಿದರು. ಹ್ಯೂಬರ್ಟ್ ಗರಗಸವನ್ನು ಬೆನ್ನ ಹಿಂದೆ ಹಿಡಿದು ಗೋಡೆಗೆ ಒರಗಿ ನಿಂತರು. ಮುದ್ದುಕೃಷ್ಣ ಕೈಮುಗಿದ.

"ಸಾರ್, ನಿಮ್ಮ ಕೊಳಲು ನಮ್ಮನೇಲಿ ಬೆಳೆದುಬಿಟ್ಟಿದೆ. ತಪ್ಪು ನನ್ನದೇ. ನೀವು ವಾರಕ್ಕೊಮ್ಮೆ ಅಂದಿದ್ರಿ, ನಾನು ಎರಡು ಹೊತ್ತೂ ಬಟ್ಟೆ ಒದ್ದೆ ಮಾಡಿ ಇಟ್ಟೆ. ಒಂದಡಿ ಎಂಟು ಇದ್ದಿದ್ದು ಒಂದಡಿ ಒಂಬತ್ತೂವರೆ ಆಗಿದೆ."

ಮೊರಿತಾರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ವತ್ಸಲಾಳ ಕೊರಳಲ್ಲಿ ತೂಗುತ್ತಿದ್ದ ಟೇಪನ್ನು ಕೇಳಿ ತೆಗೆದುಕೊಂಡು ಕೊಳಲು ಅಳೆದರು. ಆಮೇಲೆ ನಿಧಾನವಾಗಿ ಕೇಳಿದರು.

"ಮುದ್ದು-ಸಾನ್, ನಿಮ್ಮ ಅಡಿಯಲ್ಲಿ ಇಂಚು ಎಷ್ಟು?"

"ಹನ್ನೆರಡು ಸಾರ್."

"ನಮ್ಮ ಅಡಿಯಲ್ಲಿ ಹತ್ತು. ಅದಕ್ಕೆ ನಾವು ಸುನ್ ಎನ್ನುತ್ತೇವೆ. ಅಡಿಯ ಉದ್ದ ಹೆಚ್ಚು ಕಡಿಮೆ ಎರಡೂ ಒಂದೇ. ನೀವು ಹನ್ನೆರಡು ಪಾಲು ಮಾಡಿದಿರಿ, ನಾವು ಹತ್ತು ಪಾಲು ಮಾಡಿದೆವು. ಆದ್ದರಿಂದ ನಮ್ಮ ಪಾಲು ದೊಡ್ಡದು. ಒಂದಡಿ, ಮತ್ತೆ ಅಂಥ ಎಂಟು ಪಾಲು. ಇದು ಬೆಳೆದಿಲ್ಲ. ಗುರುಗಳು ಮಾಡಿದಾಗಲೂ ಇಷ್ಟೇ ಇತ್ತು." ಸ್ವಲ್ಪ ತಡೆದು ಸೇರಿಸಿದರು. "ಅವತ್ತು ಹೇಳಲು ಹೊರಟಿದ್ದೆ. ನೀವು ಗೊತ್ತು ಎಂದಿರಿ."

ಹತ್ತು ಇಂಚಿನ ಅಡಿಯೂ ಉಂಟೆಂದು ತನಗೆ ಮೊದಲೇ ಅನುಮಾನ ಇತ್ತೆಂದು ವಾರಿಜಕ್ಕ ಮೆಲ್ಲಗೆ ಹೇಳಿದರು. ಯಾರೂ ಅವರ ಕಡೆ ನೋಡಲಿಲ್ಲ.

ಮೊರಿತಾ ಕೊಳಲಿನ ಎರಡು ತುದಿಯ ಪೆನ್ಸಿಲ್ ಗೆರೆಗಳ ಮೇಲೆ ಬೆರಳಾಡಿಸಿದರು. ಹ್ಯೂಬರ್ಟರ ಬೆನ್ನ ಹಿಂದಿನ ಕೈ ಕಡೆಗೆ ನೋಡಿದರು. ಹ್ಯೂಬರ್ಟ್ ಬೆವರಿದರು. ಮೊರಿತಾ ಏನೂ ಕೇಳದೆ ಕೊಳಲನ್ನು ತುಟಿಗೆ ತಂದು ಊದಿದರು. ದನಿ ಬರಲಿಲ್ಲ. ಮೊರಿತಾ ಕೆನ್ನೆ ಉಬ್ಬಿಸಿ ಇನ್ನೊಮ್ಮೆ ಜೋರಾಗಿ ಊದಿದರು. ಬುಡದಿಂದ ಒಂದು ಹಿಡಿ ಸೋನಾ ಮಸೂರಿ ಹಾರಿ ಎಲ್ಲರ ತಲೆಯ ಮೇಲೆ ಬಿತ್ತು. ವಾರಿಜಕ್ಕ ಮಂತ್ರಾಕ್ಷತೆ ಬಿದ್ದವರ ಹಾಗೆ ತಲೆ ಬಾಗಿಸಿ, ಎರಡು ಕಾಳು ಆರಿಸಿ ಕಣ್ಣಿಗೊತ್ತಿಕೊಂಡರು.

ಆಮೇಲೆ ದನಿ ಬಂತು. ಕೆಳಗಿನಿಂದ ಎದ್ದು, ಮನೆ ತುಂಬಿ, ಎಲ್ಲೂ ಒಡೆಯದೆ ನಿಂತಿತು. ಸೀಳಿರಲಿಲ್ಲ, ಬಿರಿದಿರಲಿಲ್ಲ. ಅಕ್ಕಿಗೂ ನೀರಿಗೂ ಪೆನ್ಸಿಲ್ಲಿಗೂ ಅಂಜದ ಕೊಳಲು. ಮುದ್ದುಕೃಷ್ಣ ನಾಚಿಕೆಯಿಲ್ಲದೆ ಅತ್ತುಬಿಟ್ಟ.

ಊದಿ ಮುಗಿಸಿ ಮೊರಿತಾ ಸೊಂಟದವರೆಗೆ ಬಾಗಿದರು. "ಎರಡು ಹೊತ್ತು. ನಾನೇ ಎಷ್ಟೋ ವಾರ ಮರೆಯುತ್ತೇನೆ. ಗುರುಗಳು ಇದ್ದಿದ್ದರೆ ನಿಮಗೆ ವಂದಿಸುತ್ತಿದ್ದರು. ಅವರ ಪರವಾಗಿ ನಾನು."

ಅವರು ಬಾಗಿದರೆಂದು ಮುದ್ದುಕೃಷ್ಣ ಬಾಗಿದ. ಹ್ಯೂಬರ್ಟ್ ಕೂಡ ಬಾಗಿದರು. ಗರಗಸ ಠಣ್ಣೆಂದು ನೆಲಕ್ಕೆ ಬಿತ್ತು. ಅದನ್ನು ಕಂಡಿಲ್ಲವೆಂಬಂತೆ ಇರುವ ದೊಡ್ಡತನ ಮೊರಿತಾರಿಗಿತ್ತು.

ವತ್ಸಲಾ ಸಂಕೋಚದಿಂದ ಹಸಿರು ಚೀಲ ತಂದಳು. ಹನ್ನೆರಡರ ಲೆಕ್ಕದಲ್ಲಿ ಹೊಲಿದಿದ್ದೀನಿ, ಹಿಡಿಸಲ್ಲ, ಬಿಚ್ಚಿ ತುಂಡು ಜೋಡಿಸಿ ಕೊಡ್ತೀನಿ ಎಂದಳು. ಮೊರಿತಾ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡರು, ಅಂದು ಅವಳ ಚಪ್ಪಲಿ ಕೊಟ್ಟಿದ್ದ ಹಾಗೆಯೇ. ಜರಿಯನ್ನು, ಒಳಗಿನ ಲೈನಿಂಗನ್ನು, ಕಾಣದಂತೆ ಹಾಕಿದ ಹೊಲಿಗೆಯನ್ನು ಬಹಳ ಹೊತ್ತು ನೋಡಿದರು. ಬಿಚ್ಚುವುದು ಬೇಡ ಎಂದು ಹೇಳಿ ಹಾಗೇ ತೆಗೆದುಕೊಂಡು ಹೋದರು.

ಮುಂದಿನ ರಜೆಗೆ ಊರಿಗೆ ಹೋದವರು ವಾಪಸು ಬಂದ ದಿನವೇ ಕೆಳಗಿಳಿದು ಬಂದರು. ಕೈಯಲ್ಲಿ ಅದೇ ಹಸಿರು ಚೀಲ. ಈಗ ಅದರ ಹೊಟ್ಟೆ ತುಂಬಿತ್ತು, ಬಾಯಿಯ ದಾರ ಅಚ್ಚುಕಟ್ಟಾಗಿ ಗಂಟು ಬಿದ್ದಿತ್ತು. ಇಷ್ಟು ಒಳ್ಳೆಯ ಬಟ್ಟೆಗೆ ತಕ್ಕ ಕೊಳಲು ಇರಲೇಬೇಕಲ್ಲ ಎಂದು ಗುರುಗಳ ಮಗನ ಹತ್ತಿರ ಹೋಗಿ, ಚೀಲ ಕೊಟ್ಟು, ಇದರ ಅಳತೆಗೆ ಸರಿಯಾಗಿ ಒಂದು ಮಾಡಿಸಿದೆ ಎಂದರು. ಚೀಲವನ್ನೂ ಕೊಳಲನ್ನೂ ಮುದ್ದುಕೃಷ್ಣನ ಕೈಗಿತ್ತರು. ಇದು ನಿಮ್ಮ ಮನೆಯಲ್ಲೇ ಇರಲಿ ಎಂದರು.

ಋಣ ತೀರಿಸಲು ಹೊಲಿದ ಚೀಲ ಇನ್ನೊಂದು ಋಣ ಹೊತ್ತು ತಂದಿತ್ತು. ಇಂಥ ಋಣ ತೀರದಿದ್ದರೂ ಪರವಾಗಿಲ್ಲ ಎಂದು ವತ್ಸಲಾಗೆ ಅಂದು ಮೊದಲ ಸಲ ಅನಿಸಿತು.

"ಇದರ ಹೆಸರು ಒಂದಡಿ ಏಳು," ಎಂದರು ಮೊರಿತಾ. "ಅಂದರೆ..."

ಮುದ್ದುಕೃಷ್ಣನ ತಲೆ ತಾನಾಗಿಯೇ ಅಲುಗಿತು. ತುಟಿ ತೆರೆಯಿತು. ಹನ್ನೆರಡೂ ಏಳೂ ಹತ್ತೊಂಬತ್ತು ಎಂಬ ಲೆಕ್ಕ ನಾಲಿಗೆಯ ತುದಿಗೆ ಬಂದು ನಿಂತಿತು. ವತ್ಸಲಾ ಕೊರಳಿನ ಟೇಪಿಗೆ ಕೈ ಹಾಕಿದಳು. ಮುದ್ದುಕೃಷ್ಣ ತುಟಿ ಮುಚ್ಚಿ, ಉಗುಳು ನುಂಗಿ, ಕುರ್ಚಿಯೊಂದನ್ನು ಎಳೆದು ಮೊರಿತಾರ ಮುಂದೆ ಕೂತುಕೊಂಡ.

"ನಂಗೆ ಗೊತ್ತಿಲ್ಲ ಸಾರ್," ಎಂದ. "ಹೇಳಿ. ಪೂರ್ತಿ ಹೇಳಿ."